ತೊಂಬತ್ತೈದು ದೊಡ್ಡದೋ, ಎರಡು ಸಾವಿರದ ಇನ್ನೂರೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಏಳು ಒಂದೇ ಜಾಡು ಹಿಡಿದಿವೆ. ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ತುಮಕೂರು, ಮೂರೂ ಜಿಲ್ಲೆಯಿಂದ. ಎಲ್ಲರದ್ದೂ ವರ್ಡ್‌ಪ್ರೆಸ್ ಸೈಟು, ಎಲ್ಲರದ್ದೂ ಕಸ್ಟಮ್ ಫೀಲ್ಡು (ಪೋಸ್ಟಿಗೆ ನಾವೇ ಸೇರಿಸುವ ದರ, ದಿನಾಂಕದಂಥ ಹೆಚ್ಚುವರಿ ಮಾಹಿತಿ), ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಗೋಳು: ಪೋಸ್ಟ್‌ಗಳು ಹೇಳಿದ ಸಾಲಿನಲ್ಲಿ ನಿಲ್ಲುತ್ತಿಲ್ಲ. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ. ಫೋನ್ ಬಿಸಿಯಾಗುತ್ತದೆ ಎಂದು ಬರೆದ ಶಿರಾದವರು ಮುಂದಿನ ತಿಂಗಳವರೆಗೆ ಸ್ವಲ್ಪ ತಾಳಿಕೊಳ್ಳಬೇಕು. ಕೋಡಿನ ಪದಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ, ಫೀಲ್ಡ್ ಹೆಸರಿನ ಪದಗಳ ನಡುವೆ ಅಂಡರ್‌ಸ್ಕೋರ್ ಮರೆಯಬೇಡಿ.

ಪ್ರಶ್ನೆ: ಸರ್, ಕೋಲಾರ ಮಂಡಿಯ ಟೊಮೆಟೊ ದರವನ್ನು ದಿನಾ ಒಂದು ಪೋಸ್ಟ್ ಮಾಡಿ ಹಾಕುತ್ತೇನೆ. 15 ಕೆಜಿ ಬಾಕ್ಸಿಗೆ ಹರಾಜಿನಲ್ಲಿ ಸಿಕ್ಕ ಜಾಸ್ತಿ ಬೆಲೆಯನ್ನು ‘ದರ’ ಎನ್ನುವ ಕಸ್ಟಮ್ ಫೀಲ್ಡಿನಲ್ಲಿ ಬರೆಯುತ್ತೇನೆ. ಜಾಸ್ತಿ ದರದ ದಿನ ಮೇಲೆ ಬರಲಿ ಎಂದು ಸಾರ್ಟ್ ಮಾಡಿದರೆ ಮೊದಲು 95, ಆಮೇಲೆ 900, 850, 350, ಅದರ ಕೆಳಗೆ 2200, ಅದರ ಕೆಳಗೆ 180, 1200! ರೈತರು ನೋಡಿ ನಗುತ್ತಿದ್ದಾರೆ. ಡೇಟಾಬೇಸ್ ಕೆಟ್ಟಿದೆಯಾ?
– ಕೋಲಾರದ ಓದುಗರು

ಉತ್ತರ: ಕೆಟ್ಟಿಲ್ಲ ಅಣ್ಣಾ. ಅದು ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಜೋಡಿಸಿದೆ. ನೀವು ಸಂಖ್ಯೆ ಅಂದುಕೊಂಡು ಬರೆದಿದ್ದನ್ನು ಅದು ಅಕ್ಷರ ಅಂದುಕೊಂಡು ಓದಿದೆ, ಅಷ್ಟೇ.

ವರ್ಡ್‌ಪ್ರೆಸ್‌ನಲ್ಲಿ ಪೋಸ್ಟಿನ ತಲೆಬರಹ, ಒಳಗಿನ ಬರಹ, ದಿನಾಂಕ ಎಲ್ಲ ಒಂದು ಟೇಬಲ್‌ನಲ್ಲಿ ಇರುತ್ತವೆ. ಕಸ್ಟಮ್ ಫೀಲ್ಡ್ ಅಲ್ಲಿ ಇರುವುದಿಲ್ಲ. ಅದಕ್ಕೆ ಪೋಸ್ಟ್‌ಮೆಟಾ ಎನ್ನುವ ಬೇರೆ ಟೇಬಲ್ ಇದೆ, ಅದರಲ್ಲಿ ನಾಲ್ಕೇ ಕಾಲಂ: ಸಾಲಿನ ನಂಬರು, ಯಾವ ಪೋಸ್ಟಿಗೆ ಸೇರಿದ್ದು, ಫೀಲ್ಡಿನ ಹೆಸರು, ಫೀಲ್ಡಿನ ಬೆಲೆ, ಅಂದರೆ ಅದರಲ್ಲಿ ನಾವು ತುಂಬಿದ್ದು. ಈ ಕೊನೆಯ ಕಾಲಂಗೆ ಮೆಟಾ ವ್ಯಾಲ್ಯೂ ಎಂದು ಹೆಸರು. ಅದರಲ್ಲಿ ಯಾರು ಏನು ಬೇಕಾದರೂ ತುಂಬಬಹುದು, ಒಬ್ಬರು ಟೊಮೆಟೊ ದರ, ಇನ್ನೊಬ್ಬರು ಅಡುಗೆ ಮಾಡುವ ವಿಧಾನ, ಮತ್ತೊಬ್ಬರು ಫೋಟೋದ ವಿಳಾಸ. ಹಾಗಾಗಿ ಅದನ್ನು ಉದ್ದ ಬರಹ ಹಿಡಿಯುವ ಕಾಲಂ ಮಾಡಿಟ್ಟಿದ್ದಾರೆ, ಲಾಂಗ್‌ಟೆಕ್ಸ್ಟ್ ಅಂತ. ಸಂಖ್ಯೆಯೂ ಅಲ್ಲಿ ಬರಹವೇ.

ಬರಹವನ್ನು ಸಾರ್ಟ್ ಮಾಡುವುದು ನಿಘಂಟಿನ ಥರ. ನಿಘಂಟಿನಲ್ಲಿ ‘ಅಡಿಕೆತೋಟ’ ಮೊದಲು ಬರುತ್ತದೆ, ‘ಹೂ’ ಕೊನೆಯ ಪುಟಗಳಿಗೆ ಹೋಗುತ್ತದೆ. ಯಾವ ಪದ ಉದ್ದ, ಯಾವುದು ಗಿಡ್ಡ ಅಂತ ನಿಘಂಟು ನೋಡುವುದಿಲ್ಲ, ಮೊದಲ ಅಕ್ಷರ ನೋಡುತ್ತದೆ, ಅದು ಒಂದೇ ಆದರೆ ಎರಡನೆಯದು. 95ರ ಮೊದಲ ಅಕ್ಷರ 9, 2200ರ ಮೊದಲ ಅಕ್ಷರ 2. ಮುಗಿಯಿತು, 95 ಗೆದ್ದಿತು. 95 ಮತ್ತು 900 ಎದುರಾದಾಗ ಎರಡರಲ್ಲೂ 9, ಆಮೇಲೆ 5 ಮತ್ತು 0, ಅಲ್ಲೂ 95ಕ್ಕೇ ಗೆಲುವು. ಕೋಲಾರದಲ್ಲಿ 2023ರ ಜುಲೈನಲ್ಲಿ ಬಾಕ್ಸು ಎರಡು ಸಾವಿರ ದಾಟಿದ ದಿನಗಳು ನಿಮ್ಮ ಪಟ್ಟಿಯಲ್ಲಿ ಮಧ್ಯದಲ್ಲೆಲ್ಲೋ ಕಳೆದುಹೋಗಿರುವುದು ಇದಕ್ಕೇ.

ಸರಿ ಮಾಡುವುದು ಸುಲಭ. ನಿಮ್ಮ ಕ್ವೆರಿಯಲ್ಲಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲಿ, ಮೆಟಾ ಕೀ ಜಾಗದಲ್ಲಿ ‘ದರ’ ಎಂದು ಇರುತ್ತದೆ, ಆರ್ಡರ್‌ಬೈ ಜಾಗದಲ್ಲಿ ‘ಮೆಟಾ ವ್ಯಾಲ್ಯೂ’ ಎಂದು ಇರುತ್ತದೆ. ಆ ಎರಡನೆಯದನ್ನು ‘ಮೆಟಾ ವ್ಯಾಲ್ಯೂ ನಮ್’ ಮಾಡಿ. ಕೊನೆಗೆ ಒಂದು ಅಂಡರ್‌ಸ್ಕೋರ್, ಎನ್, ಯು, ಎಂ, ಅಷ್ಟೇ ಬದಲಾವಣೆ. ಆರ್ಡರ್ ಡೆಸ್ಕ್, ಅಂದರೆ ಇಳಿಕೆ ಕ್ರಮ. ಹೀಗೆ ಹೇಳಿದರೆ ವರ್ಡ್‌ಪ್ರೆಸ್ ತನ್ನ ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ಗೆ ಕ್ವೆರಿ ಕಳಿಸುವಾಗ ಆ ಬರಹಕ್ಕೆ ಒಂದು ಸೊನ್ನೆ ಕೂಡಿಸುತ್ತದೆ. ಬರಹಕ್ಕೆ ಸೊನ್ನೆ ಕೂಡಿಸು ಎಂದರೆ ಪಾಪ ಅದಕ್ಕೆ ಬೇರೆ ದಾರಿ ಇಲ್ಲ, ಮೊದಲು ಸಂಖ್ಯೆ ಮಾಡಿಕೊಳ್ಳಲೇಬೇಕು.

ಆದರೆ ಇಲ್ಲೊಂದು ಗುಂಡಿ ಇದೆ, ನೋಡಿ ಕಾಲಿಡಿ. ಬರಹವನ್ನು ಸಂಖ್ಯೆ ಮಾಡುವಾಗ ಮೈಎಸ್‌ಕ್ಯೂಎಲ್ ಎಡಗಡೆಯಿಂದ ಓದುತ್ತಾ ಬರುತ್ತದೆ, ಅಂಕಿ ಅಲ್ಲದ್ದು ಕಂಡ ತಕ್ಷಣ ನಿಂತುಬಿಡುತ್ತದೆ. ‘2200 ರೂ’ ಎಂದು ಬರೆದಿದ್ದರೆ ಅದೃಷ್ಟ, 2200 ಸಿಗುತ್ತದೆ. ‘ರೂ 2200’ ಎಂದಿದ್ದರೆ ಮೊದಲ ಅಕ್ಷರಕ್ಕೇ ನಿಂತು ಸೊನ್ನೆ ಕೊಡುತ್ತದೆ. ‘2,200’ ಎಂದು ಅಲ್ಪವಿರಾಮ ಹಾಕಿದ್ದರೆ ಬರೀ 2. ‘1800-2200’ ಎಂದು ಬರೆದಿದ್ದರೆ 1800 ಮಾತ್ರ. ಇನ್ನು ಕನ್ನಡ ಅಭಿಮಾನದಿಂದ ‘೨೨೦೦’ ಎಂದು ಕನ್ನಡ ಅಂಕಿಯಲ್ಲಿ ಬರೆದಿದ್ದರೆ ಅದೂ ಸೊನ್ನೆಯೇ, ಏಕೆಂದರೆ ಈ ಲೆಕ್ಕಕ್ಕೆ ಅದು ಗುರುತಿಸುವುದು 0ಯಿಂದ 9ರವರೆಗಿನ ಸಾಮಾನ್ಯ ಅಂಕಿಗಳನ್ನು ಮಾತ್ರ. ನನಗೂ ಕನ್ನಡ ಅಂಕಿ ಇಷ್ಟ. ತೋರಿಸುವಾಗ ಕನ್ನಡ ಅಂಕಿಗೆ ಬದಲಿಸಿ ತೋರಿಸಿ, ರೂಪಾಯಿ ಗುರುತನ್ನೂ ಆಗಲೇ ಸೇರಿಸಿ. ಒಳಗೆ ಇಡುವಾಗ ಬರೀ 2200.

ಮೇಲಿನ ಬದಲಾವಣೆ ಎಲ್ಲಿ ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಥೀಮಿನ ಫೈಲನ್ನೇ ತಿದ್ದಬೇಡಿ, ಥೀಮ್ ಅಪ್‌ಡೇಟ್ ಆದ ದಿನ ಎಲ್ಲ ಹೋಗುತ್ತದೆ. ಚೈಲ್ಡ್ ಥೀಮ್ (ಮೂಲ ಥೀಮನ್ನು ಮುಟ್ಟದೆ ನಮ್ಮ ಬದಲಾವಣೆ ಇಡುವ ಜಾಗ) ಇಲ್ಲವೇ ನಿಮ್ಮದೇ ಪುಟ್ಟ ಪ್ಲಗಿನ್ ಮಾಡಿ, ‘ಪ್ರೀ ಗೆಟ್ ಪೋಸ್ಟ್ಸ್’ ಎನ್ನುವ ಹುಕ್‌ಗೆ, ಅಂದರೆ ನಮ್ಮ ಕೋಡು ಸೇರಿಸಲು ಬಿಟ್ಟ ಕೊಂಡಿಗೆ, ಒಂದು ಫಂಕ್ಷನ್ ಸಿಕ್ಕಿಸಿ. ಆ ಫಂಕ್ಷನ್ ಒಳಗೆ ಮೊದಲು ಮೂರು ಪರೀಕ್ಷೆ: ಇದು ಅಡ್ಮಿನ್ ಪುಟ ಅಲ್ಲ ತಾನೇ, ಇದು ಪುಟದ ಮುಖ್ಯ ಕ್ವೆರಿಯೇ ತಾನೇ, ಇದು ದರದ ವಿಭಾಗವೇ ತಾನೇ. ಈ ಮೂರು ಬಿಟ್ಟರೆ ಮೆನು, ಪಕ್ಕದ ಪಟ್ಟಿ, ಅಡ್ಮಿನ್‌ನಲ್ಲಿರುವ ಪೋಸ್ಟ್‌ಗಳು, ಎಲ್ಲವೂ ಟೊಮೆಟೊ ದರದ ಪ್ರಕಾರ ಕುಣಿಯಲು ಶುರು ಮಾಡುತ್ತವೆ.

ಪ್ರಶ್ನೆ: ನಮಸ್ಕಾರ ಸ್ವಾಮಿ. ತಿಪಟೂರಿನ ಕೊಬ್ಬರಿ ಬೆಲೆ ಬಗ್ಗೆ ನಾಲ್ಕು ವರ್ಷದಿಂದ ಬರೆಯುತ್ತಿದ್ದೇನೆ. ಒಟ್ಟು 640 ಪೋಸ್ಟ್ ಇವೆ. ಬೆಲೆ ಪ್ರಕಾರ ಸಾರ್ಟ್ ಮಾಡಿದ ತಕ್ಷಣ 212 ಮಾತ್ರ ಕಾಣುತ್ತವೆ. ಉಳಿದವು ಡಿಲೀಟ್ ಆಗಿಹೋದವಾ ಎಂದು ಎದೆ ಒಡೆಯಿತು, ಅಡ್ಮಿನ್‌ನಲ್ಲಿ ನೋಡಿದರೆ ಇವೆ! ಕಂಡವೂ ಸರಿಯಾದ ಕ್ರಮದಲ್ಲಿ ಇಲ್ಲ, ನಮ್ ಹಾಕಿದರೂ ಇಲ್ಲ.
– ತಿಪಟೂರಿನ ಓದುಗರು

ಉತ್ತರ: ಎರಡು ಕಾಯಿಲೆ, ಎರಡು ಔಷಧಿ. ಮೊದಲು ಮಾಯವಾದ 428ರ ಕಥೆ.

ನಿಮ್ಮೂರ ಹಾಲಿನ ಡೇರಿಯನ್ನು ನೆನಪು ಮಾಡಿಕೊಳ್ಳಿ. ಅಲ್ಲಿ ಒಂದು ಸದಸ್ಯರ ಪುಸ್ತಕ ಇದೆ, ಇನ್ನೊಂದು ಇವತ್ತು ಹಾಲು ಹಾಕಿದವರ ಪುಸ್ತಕ. ಕಾರ್ಯದರ್ಶಿಗೆ ‘ಸದಸ್ಯರನ್ನು ಹಾಲಿನ ಲೀಟರ್ ಪ್ರಕಾರ ಸಾಲಾಗಿ ಬರೆದುಕೊಡಿ’ ಎಂದರೆ ಅವರು ಎರಡೂ ಪುಸ್ತಕದಲ್ಲಿ ಹೆಸರಿರುವವರನ್ನು ಮಾತ್ರ ಬರೆಯುತ್ತಾರೆ. ಇವತ್ತು ಹಾಲು ಹಾಕದವರು ಪಟ್ಟಿಯಲ್ಲಿ ಇಲ್ಲ. ಸದಸ್ಯತ್ವ ಹೋಗಿಲ್ಲ, ಪಟ್ಟಿಯಲ್ಲಿ ಹೆಸರು ಬಂದಿಲ್ಲ ಅಷ್ಟೇ. ಇದಕ್ಕೆ ಇನ್ನರ್ ಜಾಯಿನ್ ಎನ್ನುತ್ತಾರೆ. ಮೆಟಾ ಕೀ ಕೊಟ್ಟು ಸಾರ್ಟ್ ಮಾಡಿದಾಗ ವರ್ಡ್‌ಪ್ರೆಸ್ ಮಾಡುವುದು ಇದೇ. ನೀವು ಬೆಲೆಯ ಫೀಲ್ಡನ್ನು ನಡುವೆ ಯಾವಾಗಲೋ ಶುರು ಮಾಡಿದ್ದೀರಿ ಅನ್ನಿಸುತ್ತದೆ, ಅದಕ್ಕೂ ಹಿಂದಿನ ಪೋಸ್ಟ್‌ಗಳಿಗೆ ಆ ಫೀಲ್ಡೇ ಇಲ್ಲ. ಫೀಲ್ಡ್ ಇದ್ದು ಖಾಲಿ ಬಿಟ್ಟಿದ್ದರೆ ಬೇರೆ ಮಾತು, ಅಂಥವು ಸೊನ್ನೆ ಎಂದು ಎಣಿಸಿಕೊಂಡು ಪಟ್ಟಿಯಲ್ಲಿ ಉಳಿಯುತ್ತವೆ.

ಹಾಲು ಹಾಕದವರನ್ನೂ ಬರೆಯಿರಿ, ಲೀಟರ್ ಜಾಗ ಖಾಲಿ ಬಿಡಿ ಎಂದರೆ ಅದು ಲೆಫ್ಟ್ ಜಾಯಿನ್. ವರ್ಡ್‌ಪ್ರೆಸ್‌ನಿಂದ ಅದನ್ನು ಮಾಡಿಸಲು ಮೆಟಾ ಕ್ವೆರಿಯಲ್ಲಿ ಎರಡು ಷರತ್ತು ಹಾಕಿ ನಡುವೆ ‘ಆರ್’ ಹಾಕುತ್ತಾರೆ: ಫೀಲ್ಡ್ ಇದೆ, ಅಥವಾ ಫೀಲ್ಡ್ ಇಲ್ಲ. ಎಕ್ಸಿಸ್ಟ್ಸ್, ನಾಟ್ ಎಕ್ಸಿಸ್ಟ್ಸ್. ಕೇಳಲು ತಮಾಷೆಯಾಗಿದೆ ಅಲ್ವಾ, ಇದ್ದರೂ ಸರಿ ಇಲ್ಲದಿದ್ದರೂ ಸರಿ ಎನ್ನುವುದು ಒಂದು ಷರತ್ತಾ? ಆದರೆ ಪೋಸ್ಟ್‌ಗಳು ವಾಪಸ್ ಬರುತ್ತವೆ. ಬಂದ ಮೇಲೆ ಸಾರ್ಟ್ ಮಾತ್ರ ಕೆಲವೊಮ್ಮೆ ಹುಚ್ಚಾಗುತ್ತದೆ. ಫೀಲ್ಡ್ ಇಲ್ಲದ ಪೋಸ್ಟಿಗೆ ಬೇರೆ ಯಾವುದೋ ಫೀಲ್ಡಿನ ಬೆಲೆಯನ್ನು ಹಿಡಿದು ಜಾಗ ಕೊಟ್ಟುಬಿಡುತ್ತದೆ. ಇದಕ್ಕೆ ದಾರಿ ಎಂದರೆ ಎರಡೂ ಷರತ್ತಿಗೆ ಒಂದೊಂದು ಹೆಸರಿಟ್ಟು, ನಾಟ್ ಎಕ್ಸಿಸ್ಟ್ಸ್ ಷರತ್ತಿನ ಹೆಸರನ್ನೇ ಆರ್ಡರ್‌ಬೈನಲ್ಲಿ ಹಾಕುವುದು, ಅದಕ್ಕೆ ಟೈಪ್ ನ್ಯೂಮರಿಕ್ ಎಂದು ಸೇರಿಸುವುದು. ‘ಇಲ್ಲ’ ಎನ್ನುವ ಷರತ್ತಿನಿಂದ ಬೆಲೆ ಪ್ರಕಾರ ಜೋಡಿಸುವುದು ತಲೆಕೆಳಗಾಗಿ ಕಾಣುತ್ತದೆ, ಆದರೆ ಒಳಗೆ ಆ ಷರತ್ತಿನ ಜಾಯಿನ್‌ನಲ್ಲಿ ಮಾತ್ರ ಫೀಲ್ಡಿನ ಹೆಸರು ಸರಿಯಾಗಿ ಕಟ್ಟಿಕೊಂಡಿರುತ್ತದೆ. ಷರತ್ತಿಗೆ ಹೆಸರಿಟ್ಟು ಸಾರ್ಟ್ ಮಾಡುವ ಸೌಲಭ್ಯ ಬಂದಿದ್ದು 2015ರ 4.2 ಆವೃತ್ತಿಯಲ್ಲಿ. ಈಗ ಎಲ್ಲರ ಹತ್ತಿರವೂ ಇರುತ್ತದೆ.

ನನ್ನನ್ನು ಕೇಳಿದರೆ ಈ ಸರ್ಕಸ್ಸೇ ಬೇಡ. ಹಳೇ 428 ಪೋಸ್ಟಿಗೂ ಫೀಲ್ಡ್ ತುಂಬಿಬಿಡಿ. ಬೆಲೆ ಪೋಸ್ಟಿನ ಒಳಗೆ ಬರಹದಲ್ಲಿ ಇದ್ದೇ ಇರುತ್ತದೆ, ದಿನಕ್ಕೆ ಐವತ್ತರಂತೆ ಕೂತು ತುಂಬಿದರೆ ಒಂಬತ್ತು ದಿನದ ಕೆಲಸ. ಗೊತ್ತಿಲ್ಲದ ಬೆಲೆಗೆ ಸೊನ್ನೆ ತುಂಬಬಹುದು, ಆದರೆ ಕಡಿಮೆ ಬೆಲೆ ಮೊದಲು ಎಂದು ತೋರಿಸಿದ ದಿನ ಆ ಸೊನ್ನೆಗಳೆಲ್ಲ ತಲೆ ಮೇಲೆ ಕೂರುತ್ತವೆ. ಕೊಬ್ಬರಿ ಪುಕ್ಕಟೆ ಹೋಯಿತು ಎಂದು ತಿಪಟೂರಿನಲ್ಲಿ ಸುದ್ದಿಯಾದರೆ ನಾನು ಹೊಣೆ ಅಲ್ಲ.

ಇನ್ನು ಎರಡನೇ ಕಾಯಿಲೆ. ನೀವು ಕಳಿಸಿದ ಚಿತ್ರದಲ್ಲಿ ಕೆಲವು ಬೆಲೆ ‘12,000’ ಎಂದಿದೆ, ಕೆಲವು ‘9800’ ಎಂದಿದೆ. ಮೇಲೆ ಕೋಲಾರದವರಿಗೆ ಹೇಳಿದ್ದೇ ನಿಮಗೂ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 2024ರ ಹಂಗಾಮಿಗೆ ಕ್ವಿಂಟಲಿಗೆ 12,000, 2025ಕ್ಕೆ 12,100. ನಾವು ಓದುವಾಗ ನೂರು ರೂಪಾಯಿ ಏರಿದೆ. ಡೇಟಾಬೇಸಿಗೆ ಎರಡೂ 12. ಅಲ್ಪವಿರಾಮ ಇಲ್ಲದ 9800 ಅವೆರಡನ್ನೂ ದಾಟಿ ಮೇಲೆ ಹೋಗುತ್ತದೆ.

ಅಲ್ಪವಿರಾಮ ತೆಗೆಯಲು ಪಿಎಚ್‌ಪಿಮೈಅಡ್ಮಿನ್‌ನಲ್ಲಿ (ಡೇಟಾಬೇಸನ್ನು ನೇರವಾಗಿ ನೋಡಿ ತಿದ್ದುವ ಪುಟ) ಒಂದೇ ಸಾಲು ಸಾಕು: ಪೋಸ್ಟ್‌ಮೆಟಾ ಟೇಬಲನ್ನು ಅಪ್‌ಡೇಟ್ ಮಾಡು, ಮೆಟಾ ವ್ಯಾಲ್ಯೂನಲ್ಲಿ ಅಲ್ಪವಿರಾಮಕ್ಕೆ ಬದಲು ಏನೂ ಇಲ್ಲದ್ದನ್ನು ಇಡು, ಮೆಟಾ ಕೀ ‘ಬೆಲೆ’ ಆಗಿರುವ ಕಡೆ ಮಾತ್ರ. ಆ ಕೊನೆಯ ‘ಕಡೆ ಮಾತ್ರ’ ಎನ್ನುವುದು, ವೇರ್ ಎಂದು ಶುರುವಾಗುವ ತುಂಡು, ಅದನ್ನು ಬಿಟ್ಟರೆ ಸತ್ತಿರಿ. ನಾನು ಬಿಟ್ಟಿದ್ದೆ. ಒಬ್ಬ ಅಡಿಕೆ ವ್ಯಾಪಾರಿಯ ಸೈಟು, ರಾತ್ರಿ ಹನ್ನೊಂದು ಗಂಟೆ, ಅವಸರ. ಎಲ್ಲ ಫೀಲ್ಡಿನ ಎಲ್ಲ ಅಲ್ಪವಿರಾಮವೂ ಹಾರಿಹೋಯಿತು. ಪ್ಲಗಿನ್‌ಗಳು ತಮ್ಮ ಸೆಟ್ಟಿಂಗನ್ನು ಅದೇ ಕಾಲಂನಲ್ಲಿ ಇಡುತ್ತವೆ, ‘ಇಷ್ಟು ಅಕ್ಷರ ಉದ್ದದ ಬರಹ’ ಎಂದು ಲೆಕ್ಕ ಬರೆದು ಇಡುತ್ತವೆ. ಒಂದು ಅಲ್ಪವಿರಾಮ ಕಡಿಮೆಯಾದರೂ ಲೆಕ್ಕ ತಪ್ಪಿ ಪೂರ್ತಿ ಸೆಟ್ಟಿಂಗನ್ನೇ ಓದಲು ಆಗುವುದಿಲ್ಲ. ಗ್ಯಾಲರಿ ಹೋಯಿತು, ಫಾರಂ ಹೋಯಿತು. ಹಿಂದಿನ ವಾರದ ಬ್ಯಾಕಪ್ ಇತ್ತು, ಅದರಿಂದ ಬಚಾವ್. ಆದರೂ ಒಂದು ವಾರದ ಪೋಸ್ಟ್‌ಗಳನ್ನು ಮತ್ತೆ ಕೂತು ಹಾಕಿಕೊಟ್ಟೆ, ದುಡ್ಡು ಕೇಳಲಿಲ್ಲ. ಆದ್ದರಿಂದ ಮೊದಲು ಬ್ಯಾಕಪ್, ಆಮೇಲೆ ಅದೇ ವೇರ್ ಹಾಕಿ ಬರೀ ಸೆಲೆಕ್ಟ್ ಮಾಡಿ ಎಷ್ಟು ಸಾಲು ಸಿಗುತ್ತದೆ ನೋಡಿ, ನಿಮ್ಮ ವಿಷಯದಲ್ಲಿ ಅದು 212 ಸುತ್ತಮುತ್ತ ಇರಬೇಕು. ಇದ್ದರೆ ಮಾತ್ರ ಅಪ್‌ಡೇಟ್.

ಪ್ರಶ್ನೆ: ಹಸು ಮಾರುವವರ ಜಾಹೀರಾತು ಹಾಕುವ ಸೈಟು ನನ್ನದು. ಹಾಲಿನ ಫ್ಯಾಟ್ ಪ್ರಕಾರ ಸಾರ್ಟ್ ಮಾಡಲು ನ್ಯೂಮರಿಕ್ ಎಂದು ಕೊಟ್ಟಿದ್ದೇನೆ. 3.9 ಇರುವ ಹಸು 3.2 ಇರುವ ಹಸುವಿನ ಕೆಳಗೆ ಬರುತ್ತಿದೆ. ನೀವು ಹೇಳುವ ಅಕ್ಷರದ ತೊಂದರೆ ಇಲ್ಲಿ ಇಲ್ಲವಲ್ಲ?
– ಚಿಂತಾಮಣಿಯ ಓದುಗರು

ಉತ್ತರ: ಇಲ್ಲ, ಇದು ಬೇರೆ. ಮೆಟಾ ಕ್ವೆರಿಯಲ್ಲಿ ನ್ಯೂಮರಿಕ್ ಎಂದರೆ ವರ್ಡ್‌ಪ್ರೆಸ್ ಅದನ್ನು ಪೂರ್ಣಾಂಕ ಎಂದು ತಿಳಿಯುತ್ತದೆ. ಚುಕ್ಕಿಯ ಆಚೆಗಿನದ್ದು ಕತ್ತರಿಸಿ ಬಿಸಾಕುತ್ತದೆ. 3.2 ಕೂಡ 3, 3.9 ಕೂಡ 3. ಡೆಸಿಮಲ್ ಎಂದು ಬದಲಿಸಿ ನೋಡೋಣ ಅಂದರೆ ಬರೀ ಡೆಸಿಮಲ್ ಎಂದಾಗ ಚುಕ್ಕಿ ಆಚೆ ಸೊನ್ನೆ ಅಂಕಿ ಎಂದು ಅರ್ಥ, 3.9 ಹೋಗಿ 4 ಆಗುತ್ತದೆ. ಡೆಸಿಮಲ್ ಬರೆದು ಆವರಣದಲ್ಲಿ 10, 2 ಎಂದು ಕೊಡಿ. ಒಟ್ಟು ಹತ್ತು ಅಂಕಿ, ಅದರಲ್ಲಿ ಚುಕ್ಕಿ ಆಚೆ ಎರಡು. ಡೇರಿಯಲ್ಲಿ ಫ್ಯಾಟಿನ ಒಂದು ಪಾಯಿಂಟಿಗೂ ದುಡ್ಡು ಇದೆ, ನೀವು ಅದನ್ನು ಕತ್ತರಿಸಿದರೆ ಹಸು ಸಾಕಿದವರು ಸುಮ್ನೆ ಬಿಡುತ್ತಾರಾ?

ಪ್ರಶ್ನೆ: ಚಿಕ್ಕಬಳ್ಳಾಪುರ ಜಿಲ್ಲೆಯ ಜಾತ್ರೆ, ಪರಿಷೆಗಳ ಪಟ್ಟಿ ಮಾಡುತ್ತಿದ್ದೇನೆ ಸರ್. ನಂದಿಯ ಭೋಗನಂದೀಶ್ವರನ ಶಿವರಾತ್ರಿ ತೇರು ಎರಡು ವರ್ಷದ್ದೂ ಇದೆ, ಆದರೆ 2026ರದ್ದು 2025ರದ್ದಕ್ಕಿಂತ ಮೊದಲು ಬರುತ್ತದೆ. ಮುಗಿದುಹೋದ ಜಾತ್ರೆ ತಾನಾಗೇ ಕೆಳಗೆ ಇಳಿಯುವ ಹಾಗೆ ಮಾಡಬಹುದಾ?
– ನಂದಿ ಕಡೆಯ ಓದುಗರು

ಉತ್ತರ: ನೀವು ದಿನಾಂಕವನ್ನು ನಮ್ಮ ರೂಢಿಯಲ್ಲಿ ಬರೆದಿದ್ದೀರಿ, ದಿನ ಮೊದಲು, ತಿಂಗಳು ಆಮೇಲೆ, ವರ್ಷ ಕೊನೆಗೆ. 2025ರ ಶಿವರಾತ್ರಿ 26-02-2025, 2026ರದ್ದು 15-02-2026. ಎಡಗಡೆಯಿಂದ ಹೋಲಿಸಿದರೆ 15 ಸಣ್ಣದು, 26 ದೊಡ್ಡದು. ವರ್ಷದವರೆಗೆ ಅದು ಹೋಗುವುದೇ ಇಲ್ಲ.

ವರ್ಷ, ತಿಂಗಳು, ದಿನ ಎಂದು ತಿರುಗಿಸಿ ಬರೆಯಿರಿ: 2026-02-15. ಅಥವಾ ಗೆರೆ ಇಲ್ಲದೆ 20260215. ಹೀಗೆ ಬರೆದರೆ ಅಕ್ಷರವಾಗಿ ಹೋಲಿಸಿದರೂ ಸರಿ, ಸಂಖ್ಯೆಯಾಗಿ ಹೋಲಿಸಿದರೂ ಎಂಟಂಕಿಯದ್ದು ಸರಿ. ತಿಂಗಳಿಗೆ ‘2’ ಎನ್ನದೆ ‘02’ ಎನ್ನಬೇಕು, ಇಲ್ಲದಿದ್ದರೆ ಹತ್ತನೇ ತಿಂಗಳು ಬಂದಾಗ ಮತ್ತೆ ಅದೇ ರಗಳೆ. ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್ ಪ್ಲಗಿನ್‌ನ ದಿನಾಂಕ ಫೀಲ್ಡ್ ಬಳಸಿದರೆ ಈ ತಲೆನೋವೇ ಇಲ್ಲ, ಹೊರಗೆ ಹೇಗೆ ತೋರಿಸಿದರೂ ಒಳಗೆ ಎಂಟಂಕಿಯಾಗಿಯೇ ಇಡುತ್ತದೆ. ಈಗಾಗಲೇ ತುಂಬಿರುವುದನ್ನು ತಿರುಗಿಸಲು ಮೈಎಸ್‌ಕ್ಯೂಎಲ್‌ನಲ್ಲಿ ‘ಎಸ್‌ಟಿಆರ್ ಟು ಡೇಟ್’ ಎನ್ನುವ ಫಂಕ್ಷನ್ ಇದೆ, ಯಾವ ಕ್ರಮದಲ್ಲಿ ಬರೆದಿದೆ ಎಂದು ಹೇಳಿದರೆ ಅದೇ ಓದಿಕೊಳ್ಳುತ್ತದೆ. ಬ್ಯಾಕಪ್ ಮರೆಯಬೇಡಿ, ಅಡಿಕೆ ವ್ಯಾಪಾರಿಯ ಕಥೆ ಓದಿದಿರಲ್ಲ.

ಮುಗಿದ ಜಾತ್ರೆ ಒಂದೇ ಕ್ವೆರಿಯಲ್ಲಿ ಕೆಳಗೆ ಇಳಿಯುವುದು ಕಷ್ಟ. ಎರಡು ಪಟ್ಟಿ ಮಾಡಿ. ಮೊದಲನೆಯದು ಇವತ್ತು ಅಥವಾ ಇವತ್ತಿನ ನಂತರದ್ದು, ಏರಿಕೆ ಕ್ರಮದಲ್ಲಿ, ಅಂದರೆ ಹತ್ತಿರದ ಜಾತ್ರೆ ಮೇಲೆ. ಎರಡನೆಯದು ಇವತ್ತಿಗಿಂತ ಹಿಂದಿನದ್ದು, ಇಳಿಕೆ ಕ್ರಮದಲ್ಲಿ. ‘ಇವತ್ತು’ ಎನ್ನುವಲ್ಲಿ ಒಂದು ಮೋಸ ಇದೆ. ಪಿಎಚ್‌ಪಿಯ ಮಾಮೂಲಿ ಡೇಟ್ ಫಂಕ್ಷನ್ ವರ್ಡ್‌ಪ್ರೆಸ್ ಒಳಗೆ ಗ್ರೀನಿಚ್ ಹೊತ್ತನ್ನು ಕೊಡುತ್ತದೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗಿನ ಜಾವ ಐದೂವರೆ ಆಗುವವರೆಗೂ ಅದಕ್ಕೆ ಇನ್ನೂ ನಿನ್ನೆ! ಜಾಗರಣೆ ಮುಗಿಸಿ ಬೆಳಗಿನ ನಾಲ್ಕಕ್ಕೆ ನಿಮ್ಮ ಪಟ್ಟಿ ತೆರೆದವರಿಗೆ ನಿನ್ನೆ ಮುಗಿದ ತೇರು ‘ಇವತ್ತು’ ಎಂದು ಕಾಣುತ್ತದೆ. ‘ಡಬ್ಲ್ಯುಪಿ ಡೇಟ್’ ಬಳಸಿ, ಸೆಟ್ಟಿಂಗ್‌ನಲ್ಲಿ ಟೈಮ್‌ಝೋನ್ ಕೋಲ್ಕತಾ ಎಂದು ಇರಲಿ.

ಪ್ರಶ್ನೆ: ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕಿನ ಸುದ್ದಿ ಹಾಕುತ್ತೇನೆ. ತಾಲ್ಲೂಕಿನ ಹೆಸರನ್ನು ಕಸ್ಟಮ್ ಫೀಲ್ಡಿನಲ್ಲಿ ಬರೆದು ಅದರ ಪ್ರಕಾರ ಸಾರ್ಟ್ ಮಾಡಿದರೆ ಶಿರಾ ಎರಡು ಕಡೆ ಬರುತ್ತದೆ, ಪಾವಗಡ ಎಲ್ಲರಿಗಿಂತ ಮೇಲೆ ಹೋಗಿ ಕೂತಿದೆ.
– ಮಧುಗಿರಿಯ ಓದುಗರು

ಉತ್ತರ: ಒಂದು ಕಡೆ ‘ಶಿರಾ’ ಎಂದು, ಇನ್ನೊಂದು ಕಡೆ ‘ಸಿರಾ’ ಎಂದು ಬರೆದಿದ್ದೀರಿ, ನೋಡಿಕೊಳ್ಳಿ. ಪಾವಗಡದ ಮುಂದೆ ಒಂದು ಸ್ಪೇಸ್ ಇರಬೇಕು, ಸ್ಪೇಸಿಗೆ ಅಕ್ಷರಗಳಿಗಿಂತ ಮೊದಲ ಜಾಗ. ಆದರೆ ಇದನ್ನೆಲ್ಲ ತಿದ್ದುತ್ತಾ ಕೂರುವ ಬದಲು ತಾಲ್ಲೂಕನ್ನು ಕಸ್ಟಮ್ ಫೀಲ್ಡಿನಿಂದಲೇ ಎತ್ತಿಬಿಡಿ. ಬೆಲೆ, ದಿನಾಂಕ, ತೂಕ, ಇಂಥವು ಪೋಸ್ಟಿಂದ ಪೋಸ್ಟಿಗೆ ಬದಲಾಗುತ್ತವೆ, ಅವು ಫೀಲ್ಡಿಗೆ ಸರಿ. ತಾಲ್ಲೂಕು ಹತ್ತೇ ಇವೆ. ಅದು ಟ್ಯಾಕ್ಸಾನಮಿ ಆಗಬೇಕು, ಕ್ಯಾಟಗರಿ ಥರ. ಆಗ ಟೈಪ್ ಮಾಡುವುದೇ ಇಲ್ಲ, ಟಿಕ್ ಹಾಕುವುದು ಮಾತ್ರ, ಶಿರಾ ಒಂದೇ ಇರುತ್ತದೆ.

ಪ್ರಶ್ನೆ: ರೇಷ್ಮೆಗೂಡಿನ ದರದ ಪಟ್ಟಿಯಲ್ಲಿ ಎರಡನೇ ಪುಟದಲ್ಲಿ ಕಂಡ ಪೋಸ್ಟೇ ಮೂರನೇ ಪುಟದಲ್ಲೂ ಕಾಣುತ್ತದೆ. ಇನ್ನು ಕೆಲವು ಯಾವ ಪುಟದಲ್ಲೂ ಇಲ್ಲ.
– ಶಿಡ್ಲಘಟ್ಟದ ಓದುಗರು

ಉತ್ತರ: ಒಂದೇ ದರ ಇರುವ ದಿನಗಳು ಜಾಸ್ತಿ ಇರಬೇಕು ನಿಮ್ಮಲ್ಲಿ. ದರ ಸಮ ಆದಾಗ ಯಾರು ಮೊದಲು, ಯಾರು ಆಮೇಲೆ ಎಂದು ನೀವು ಹೇಳಿಲ್ಲ, ಡೇಟಾಬೇಸ್ ಎರಡನೇ ಪುಟಕ್ಕೆ ಒಂದು ಥರ, ಮೂರನೇ ಪುಟಕ್ಕೆ ಇನ್ನೊಂದು ಥರ ನಿಲ್ಲಿಸಿದರೂ ಅದರ ತಪ್ಪಲ್ಲ. ಆರ್ಡರ್‌ಬೈನಲ್ಲಿ ಒಂದೇ ಹೆಸರಿನ ಬದಲು ಪಟ್ಟಿ ಕೊಡಿ: ಮೊದಲು ದರ ಇಳಿಕೆ ಕ್ರಮ, ಆಮೇಲೆ ಪೋಸ್ಟಿನ ದಿನಾಂಕ ಇಳಿಕೆ ಕ್ರಮ, ಕೊನೆಗೆ ಐಡಿ. 2014ರ 4.0 ಆವೃತ್ತಿಯಿಂದ ಹೀಗೆ ಬೇರೆ ಬೇರೆ ಕ್ರಮವನ್ನು ಒಟ್ಟಿಗೆ ಕೊಡಬಹುದು. ಐಡಿ ಎರಡು ಪೋಸ್ಟಿಗೆ ಒಂದೇ ಆಗುವುದಿಲ್ಲ, ಹಾಗಾಗಿ ಜಗಳ ಅಲ್ಲಿಗೆ ಮುಗಿಯುತ್ತದೆ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಮಾಲೂರಿನ ಒಂದು ಸೈಟಿಗೆ ಕೆಲಸ ಮಾಡುತ್ತಿದ್ದೇನೆ. 12,000 ಪೋಸ್ಟ್ ಇವೆ, ಒಂದೊಂದಕ್ಕೂ ಇಪ್ಪತ್ತು ಫೀಲ್ಡು. ಸಾರ್ಟ್ ಒತ್ತಿದರೆ ಟೀ ಕುಡಿದು ಬರಬಹುದು, ಅಷ್ಟು ನಿಧಾನ. ನೇರವಾಗಿ ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಬರೆದರೆ ಬೇಗ ಆಗುತ್ತದಾ? ಬಳಕೆದಾರರು ಆರಿಸಿದ ಫೀಲ್ಡಿನ ಹೆಸರನ್ನು ಪುಟದ ವಿಳಾಸದಿಂದ (ಯುಆರ್‌ಎಲ್) ತೆಗೆದುಕೊಂಡು ಕ್ವೆರಿಗೆ ಸೇರಿಸಿದ್ದೇನೆ.
– ಮಾಲೂರಿನಿಂದ

ಉತ್ತರ: ತಮ್ಮಾ, ಕೊನೆಯ ವಾಕ್ಯ ಓದಿ ನನ್ನ ಟೀ ಆರಿಹೋಯಿತು. ಅದನ್ನು ಇವತ್ತೇ ತೆಗಿ. ವಿಳಾಸದಲ್ಲಿ ಬಂದಿದ್ದನ್ನು ಹಾಗೇ ಕ್ವೆರಿಗೆ ಅಂಟಿಸಿದರೆ ಯಾರಾದರೂ ಫೀಲ್ಡಿನ ಹೆಸರಿನ ಜಾಗದಲ್ಲಿ ತಮ್ಮದೇ ಕ್ವೆರಿ ತುರುಕುತ್ತಾರೆ, ಪಾಸ್‌ವರ್ಡ್ ಟೇಬಲ್ ಓದಿಕೊಂಡು ಹೋಗುತ್ತಾರೆ. ವರ್ಡ್‌ಪ್ರೆಸ್ ಡೇಟಾಬೇಸ್ ಜೊತೆ ಮಾತಾಡಲು ಬಳಸುವ ಡಬ್ಲ್ಯುಪಿಡಿಬಿಯ ‘ಪ್ರಿಪೇರ್’ ಬಳಸು. ಫೀಲ್ಡಿನ ಬೆಲೆಗಳಿಗೆ ಅದು ಸಾಕು. ಆದರೆ ಏರಿಕೆ, ಇಳಿಕೆ ಎನ್ನುವ ಪದವನ್ನು ಪ್ರಿಪೇರ್ ಕಾಯುವುದಿಲ್ಲ. ಅದಕ್ಕೂ, ಸಾರ್ಟ್ ಮಾಡುವ ಫೀಲ್ಡಿನ ಹೆಸರಿಗೂ ನೀನೇ ಒಂದು ಪಟ್ಟಿ ಇಟ್ಟುಕೋ: ದರ, ದಿನಾಂಕ, ತೂಕ. ಬಂದಿದ್ದು ಪಟ್ಟಿಯಲ್ಲಿ ಇದ್ದರೆ ಒಳಗೆ, ಇಲ್ಲದಿದ್ದರೆ ಮಾಮೂಲಿ ದಿನಾಂಕದ ಕ್ರಮ. ಟೇಬಲ್ ಹೆಸರಿನ ಮುಂದಿನ ‘ಡಬ್ಲ್ಯುಪಿ’ ಎನ್ನುವುದನ್ನೂ ಕೈಯಾರೆ ಬರೆಯಬೇಡ, ಎಷ್ಟೋ ಸೈಟಿನಲ್ಲಿ ಅದು ಬೇರೆ ಇರುತ್ತದೆ. ಇನ್ನೊಂದು, ನೇರ ಕ್ವೆರಿ ಬರೆದಾಗ ಸ್ಟೇಟಸ್ ಪಬ್ಲಿಷ್ ಎನ್ನುವ ಷರತ್ತು ನೀನೇ ಹಾಕಬೇಕು. ಹಾಕದಿದ್ದರೆ ಅರ್ಧ ಬರೆದ ಡ್ರಾಫ್ಟೂ ಊರಿಗೆಲ್ಲ ಕಾಣುತ್ತದೆ.

ಇನ್ನು ವೇಗ. ನೇರ ಎಸ್‌ಕ್ಯೂಎಲ್ ಬರೆದ ಮಾತ್ರಕ್ಕೆ ಬೇಗ ಆಗುವುದಿಲ್ಲ, ಏಕೆಂದರೆ ವರ್ಡ್‌ಪ್ರೆಸ್ ಬರೆಯುವುದೂ ಎಸ್‌ಕ್ಯೂಎಲ್ಲೇ. ನಿಧಾನದ ಮೂಲ ಬೇರೆ. 12,000 ಪೋಸ್ಟ್, ಇಪ್ಪತ್ತು ಫೀಲ್ಡ್ ಎಂದರೆ ಪೋಸ್ಟ್‌ಮೆಟಾದಲ್ಲಿ 2,40,000 ಸಾಲು. ಫೀಲ್ಡಿನ ಹೆಸರಿಗೆ ಇಂಡೆಕ್ಸ್ (ಬೇಗ ಹುಡುಕಲು ಮೊದಲೇ ಜೋಡಿಸಿಟ್ಟ ಸೂಚಿ) ಇದೆ, ಮೊದಲ 191 ಅಕ್ಷರಕ್ಕೆ. ಫೀಲ್ಡಿನ ಬೆಲೆಗೆ ಇಂಡೆಕ್ಸ್ ಇಲ್ಲ. ಅಂದರೆ ‘ದರ’ ಹೆಸರಿನ 12,000 ಸಾಲನ್ನು ಬೇಗ ಹುಡುಕುತ್ತದೆ, ಆದರೆ ಜೋಡಿಸಲು ಪ್ರತಿ ಸಲವೂ ಅಷ್ಟನ್ನೂ ಎತ್ತಿ, ಸಂಖ್ಯೆ ಮಾಡಿ, ಸಾಲು ಹಚ್ಚಬೇಕು. ಸಂತೆ ದಿನ ನೂರು ಜನ ಬಂದರೆ ನೂರು ಸಲ. ಮೆಟಾ ವ್ಯಾಲ್ಯೂಗೆ ನಾನೇ ಇಂಡೆಕ್ಸ್ ಹಾಕುತ್ತೇನೆ ಎಂದು ಹೋಗಬೇಡ, ಬೆಲೆಗೆ ಸೊನ್ನೆ ಕೂಡಿಸಿದ ಮೇಲೆ ಆ ಇಂಡೆಕ್ಸ್ ಸಾರ್ಟಿಗೆ ಉಪಯೋಗಕ್ಕೆ ಬರುವುದಿಲ್ಲ.

ಸದ್ಯಕ್ಕೆ ಟ್ರಾನ್ಸಿಯೆಂಟ್‌ನಲ್ಲಿ, ಅಂದರೆ ವರ್ಡ್‌ಪ್ರೆಸ್‌ನ ತಾತ್ಕಾಲಿಕ ಸಂಗ್ರಹದಲ್ಲಿ, ಉತ್ತರವನ್ನು ಹತ್ತು ನಿಮಿಷ ಇಟ್ಟುಕೋ, ದರ ನಿಮಿಷಕ್ಕೊಮ್ಮೆ ಬದಲಾಗುವುದಿಲ್ಲವಲ್ಲ. ಪುಟಗಳ ಎಣಿಕೆ ಬೇಡದ ಕಡೆ, ಉದಾಹರಣೆಗೆ ಮುಖಪುಟದ ‘ಟಾಪ್ ಹತ್ತು’ ಪಟ್ಟಿಯಲ್ಲಿ, ‘ನೋ ಫೌಂಡ್ ರೋಸ್’ ಹಾಕು, ಒಟ್ಟು ಎಷ್ಟಿವೆ ಎಂದು ಎಣಿಸುವ ಕೆಲಸ ತಪ್ಪುತ್ತದೆ. ರಜೆ ಸಿಕ್ಕಾಗ ನಿನ್ನದೇ ಟೇಬಲ್ ಮಾಡು: ಪೋಸ್ಟ್ ಐಡಿ, ದರ ಡೆಸಿಮಲ್, ದಿನಾಂಕ ಡೇಟ್, ದರಕ್ಕೂ ದಿನಾಂಕಕ್ಕೂ ಒಂದೊಂದು ಇಂಡೆಕ್ಸ್. ಪೋಸ್ಟ್ ಸೇವ್ ಆಗುವಾಗ ಅಲ್ಲಿಗೂ ಒಂದು ಪ್ರತಿ ಬರೆಯುವ ಹುಕ್ ಹಾಕು. ಪೋಸ್ಟ್ ಅಳಿಸಿದಾಗ ಅಲ್ಲಿಂದಲೂ ಅಳಿಸುವ ಹುಕ್ಕನ್ನು ಅದೇ ದಿನ ಬರೆ, ನಾಳೆ ಅಂದರೆ ಮರೆತುಹೋಗುತ್ತದೆ.